ಹುಳಿ ಚೆಲ್ಲದ ಗಾಡಿ

ರಘುನಾಥನಿಗೆ ಹೋಲಿಸಿ ನೋಡದೆ ಏನನ್ನೂ ಕೊಳ್ಳಲು ಬರುತ್ತಿರಲಿಲ್ಲ. ಒಂದು ಕಟ್ಟು ಕೊತ್ತಂಬರಿಗೆ ಮೂರು ಅಂಗಡಿ ಹತ್ತಿಳಿಯುವ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಮೂರನೆಯ ಅಂಗಡಿಯಿಂದ ಮೊದಲನೆಯದಕ್ಕೆ ಮರಳಿ ಹೋಗಿ, ಅಷ್ಟರಲ್ಲಿ ಅಲ್ಲಿಯ ಕೊತ್ತಂಬರಿ ಬಾಡಿಹೋಗಿದೆಯೆಂದು ಬರಿಗೈಯಲ್ಲಿ ಮನೆಗೆ ಬರುವವನು ಇವನೊಬ್ಬನೇ ಇರಬೇಕು. ಆಕ್ಲೆಂಡಿಗೆ ಬಂದ ಹೊಸದರಲ್ಲಿ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಕೊಳ್ಳಲು ಹೊರಟು, ಸಿಕ್ಕ ಸಿಕ್ಕ ಕಂಪನಿಗಳನ್ನೆಲ್ಲ ತೂಗಿ ಅಳೆದು, ಕೊನೆಗೊಂದನ್ನು ಗಟ್ಟಿ ಮಾಡುವ ಹೊತ್ತಿಗೆ ಆ ಮಾಡೆಲ್ಲೇ ಅಂಗಡಿಗಳಿಂದ ಮಾಯವಾಗಿತ್ತು. ಅಲ್ಲಿಯವರೆಗೂ ಅವನ ಹೆಂಡತಿ ಶ್ರೀಲಕ್ಷ್ಮಿ ಮೈಸೂರಿನಿಂದ ತಂದ ಪ್ರೆಷರ್ ಕುಕ್ಕರಿನಲ್ಲೇ ಅನ್ನ ಮಾಡಿದಳು. ಇಂದಿಗೂ ಅದರಲ್ಲೇ ಮಾಡುತ್ತಾಳೆ.

ಹೊಟ್ಟೆಪಾಡಿಗೂ ಅವನು ಮಾಡುತ್ತಿದ್ದದ್ದು ಅದನ್ನೇ. ಪೆನ್‌ರೋಸಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವನು ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ಬಿಟ್ಟಿ ಮಾಡುತ್ತಿದ್ದ.

"ಮತ್ತೆ ನನ್ನನ್ನ ನೋಡೋಕೆ ಬಂದಾಗ ಮಾತ್ರ ಹೆಂಗೆ ಒಂದೇ ಸಲಕ್ಕೆ ಹೂಂ ಅಂದ್ಬಿಟ್ರಿ?" ಎಂದು ಶ್ರೀಲಕ್ಷ್ಮಿ ಆಗಾಗ ಕೆಣಕುತ್ತಿದ್ದಳು.

"ನಿಮ್ಮಪ್ಪ ಟೈಮೇ ಕೊಡ್ಲಿಲ್ವಲ್ಲೇ," ಎನ್ನುತ್ತಿದ್ದ ರಘುನಾಥ.

ಆಕ್ಲೆಂಡಿನ ಕನ್ನಡಿಗರಲ್ಲಿ ಅವನನ್ನು "ಶ್ರೀಲಕ್ಷ್ಮಿಯವರ ಯಜಮಾನರು" ಎಂದರೆ ಮಾತ್ರ ಗುರುತು ಹತ್ತುತ್ತಿತ್ತು. ಅದಕ್ಕೆ ಕಾರಣ ಅವಳ ಕೈರುಚಿ. ಕನ್ನಡ ಕೂಟದ ಒಂದು ಯುಗಾದಿ ಊಟಕ್ಕೆ ಹುಳಿ ಮಾಡಿಕೊಟ್ಟಳು, ಅಷ್ಟೇ. ಆಮೇಲೆ ನಾಮಕರಣ, ಗೃಹಪ್ರವೇಶ, ಸೀಮಂತ ಯಾವುದಿದ್ದರೂ ಹಿಲ್ಸ್‌ಬರೋದ ಅವರ ಮನೆಗೆ ಫೋನು. ಶನಿವಾರ ಬಂತೆಂದರೆ ರಘುನಾಥ ತಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟು ಮಡಚಿ, ತಪ್ಪಲೆಗಳನ್ನು ತುಂಬಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಯಾವುದೋ ಮೂಲೆಯ ಕಮ್ಯುನಿಟಿ ಹಾಲಿಗೆ ಹೊರಡುತ್ತಿದ್ದ. ಎಂಟು ವರ್ಷದಿಂದ ನಡೆದುಬಂದ ವ್ಯವಸ್ಥೆ ಇದು.

ಆ ಶನಿವಾರಗಳೆಂದರೆ ರಘುನಾಥನಿಗೆ ಪ್ರಾಣ. ವಾರದ ಮಿಕ್ಕ ದಿನಗಳಲ್ಲಿ ಅವರಿಬ್ಬರ ನಡುವೆ ಮಾತೆಂದರೆ "ಹಾಲು ಮುಗೀತು", ಮಗಳು ಬರುವುದು ತಡವಾದರೆ "ಗಾನವಿ ಇನ್ನೂ ಬಂದಿಲ್ವಾ", "ಟೀವಿ ಆರ್ಸಿ". ಮೋಟರ್‌ವೇಗೆ ಬಿದ್ದರೆ ಮಾತ್ರ ಶ್ರೀಲಕ್ಷ್ಮಿ ಬಾಯಿ ಬಿಡುತ್ತಿದ್ದಳು. ಯಾರ ಮನೆಯ ಸೊಸೆ ಯಾರಿಗೆ ಏನಂದಳು, ತನ್ನ ಅಕ್ಕ ಫೋನಿನಲ್ಲಿ ಹೇಳಿದ ಸುದ್ದಿಯಲ್ಲಿ ಎಷ್ಟು ನಿಜ ಎಷ್ಟು ಒಗ್ಗರಣೆ, ತಾನು ಹುಡುಗಿಯಾಗಿದ್ದಾಗ ಲೂನಾ ಓಡಿಸಿಕೊಂಡು ಹೋಗಿ ಒಬ್ಬ ಹೆಡ್‌ಮಾಸ್ಟರಿಗೆ ಗುದ್ದಿದ್ದು. ಒಂದೇ ಕತೆಯನ್ನು ಹತ್ತು ಸಲ ಹೇಳಿದರೂ ಹತ್ತು ಬಗೆಯಾಗಿ ಹೇಳುತ್ತಿದ್ದಳು. ಇವನು ರಸ್ತೆ ನೋಡುತ್ತ ಹೂಂಗುಟ್ಟುತ್ತಿದ್ದ, ನಡುವೆ ಎರಡು ತಪ್ಪು ಹುಡುಕುತ್ತಿದ್ದ, ಒಂದು ಸಣ್ಣ ಜಗಳವಾಗುತ್ತಿತ್ತು. ಇದಕ್ಕಿಂತ ಸುಖ ಇನ್ನೇನು ಬೇಕು?

ಆದರೆ ಇದನ್ನು ಬಾಯಿಬಿಟ್ಟು ಹೇಳಿದ್ದರೆ ಅವನು ರಘುನಾಥ ಹೇಗಾದಾನು? ಅವನು ಹೇಳುತ್ತಿದ್ದದ್ದು ತದ್ವಿರುದ್ಧ. ಶನಿವಾರ ಸಂಜೆ ಮನೆಗೆ ಬಂದವನೇ ಸೋಫಾದ ಮೇಲೆ ಉರುಳಿ, "ಅಯ್ಯಪ್ಪಾ, ನನ್ನ ಬೆನ್ನು! ಈ ಡ್ರೈವಿಂಗ್ ನನ್ನನ್ನ ಕೊಂದುಹಾಕುತ್ತೆ," ಎಂದು ನರಳುತ್ತಿದ್ದ. ನರಳಿದರೆ ಒಂದು ಲೋಟ ಕಾಫಿ ಹೆಚ್ಚಿಗೆ ಸಿಗುತ್ತಿತ್ತು. ಶ್ರೀಲಕ್ಷ್ಮಿ ಅಯ್ಯೋ ಪಾಪ ಎಂದು ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದಳು. ಬೆನ್ನಿಗೆ ಏನೂ ಆಗಿರಲಿಲ್ಲ. ಬೆನ್ನು ಕಲ್ಲುಗುಂಡಿನ ಹಾಗಿತ್ತು.

ಹೀಗಿರುವಾಗ, ಎರಡು ಸಾವಿರದ ಹದಿನೆಂಟರ ಚಳಿಗಾಲದಲ್ಲಿ, ಹ್ಯಾಮಿಲ್ಟನ್ನಿನ ಕನ್ನಡಿಗರ ಪೈಕಿ ಹಿರಿಯರಾದ ಕೇಶವಮೂರ್ತಿಗಳು ಶ್ರೀಲಕ್ಷ್ಮಿಗೆ ಫೋನು ಮಾಡಿದರು. ನವೆಂಬರಿನಲ್ಲಿ ರಾಜ್ಯೋತ್ಸವದ ಊಟ ಅವಳದೇ ಆಗಬೇಕು. ಅದು ಚೆನ್ನಾಗಿ ನಡೆದರೆ ತಿಂಗಳಿಗೊಂದು ಶನಿವಾರ ಅಲ್ಲಿಗೇ ಬಂದು ಅಡುಗೆ ಮಾಡಿಕೊಡಬೇಕು. ದಸರೆಯೊಳಗೆ ಖಚಿತವಾಗಿ ಹೇಳಿಬಿಡಮ್ಮ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಶ್ರೀಲಕ್ಷ್ಮಿಯ ಮುಖ ಊರಗಲವಾಯಿತು. ಇಷ್ಟು ದಿನ ಉಪಕಾರದಂತೆ ನಡೆದುಬಂದದ್ದು ಈಗ ಕಸುಬಾಗುವುದರಲ್ಲಿತ್ತು. ಅವಳ ಕಸುಬು.

"ವ್ಯಾಗನ್ನಲ್ಲಿ ಆಗೋ ಮಾತಲ್ಲ ರೀ," ಎಂದಳು ಅಂದು ರಾತ್ರಿ ಊಟಕ್ಕೆ ಕೂತಾಗ. "ಒಲೆ, ಗ್ಯಾಸು, ಉದ್ದದ ಇಡ್ಲಿ ಪೆಟ್ಟಿಗೆ, ಮೇಜು ಎಲ್ಲಾ ಹೋಗ್ಬೇಕು. ಯೂಟ್, ಅದೇ ಇಲ್ಲಿನೋರ ಸಣ್ಣ ಪಿಕಪ್ಪು, ತಗೊಳ್ಳೋಣ ಅಂದ್ರೆ ಒಳಗೆ ಐದು ಜನ ಕೂರೋಂಥದ್ರಲ್ಲಿ ಹಿಂದಿನ ತೊಟ್ಟಿ ಗಿಡ್ಡ. ಅಮೆರಿಕದ್ದು ಬರುತ್ತಲ್ಲ, ದೊಡ್ಡ ಪಿಕಪ್, ಅದೇ ಸರಿ."

"ದೊಡ್ಡದೇ ತಗೊಂಡ್ರಾಯ್ತು," ಎಂದ ರಘುನಾಥ ಉತ್ಸಾಹದಿಂದ. ಹ್ಯಾಮಿಲ್ಟನ್ನಿಗೆ ದೂರ ಹೆಚ್ಚು. ದೂರ ಹೆಚ್ಚಿದಷ್ಟೂ ಮಾತು ಹೆಚ್ಚು.

"ಇನ್ನೊಂದು ವಿಷ್ಯ," ಎಂದು ಅವಳು ಅವನ ತಟ್ಟೆಗೆ ತುಪ್ಪ ಹಾಕಿದಳು. "ಗಾಡಿ ನಾನೇ ಓಡಿಸ್ತೀನಿ. ಎಂಟು ವರ್ಷ ನಿಮ್ಮ ಬೆನ್ನು ಹಾಳು ಮಾಡಿದ್ದು ಸಾಕು. ಇನ್ಮೇಲೆ ಶನಿವಾರ ನೀವು ಹಾಯಾಗಿ ಮಲ್ಕೊಳ್ಳಿ. ಕೈಕೆಲಸಕ್ಕೆ ಗಾನವಿ ಬರ್ತಾಳೆ."

ರಘುನಾಥ ಬಾಯಿಗಿಟ್ಟ ತುತ್ತು ಅಲ್ಲೇ ನಿಂತಿತು. ಈಗ ಏನು ಹೇಳುವುದು? ಬೆನ್ನುನೋವು ಸುಳ್ಳು ಎನ್ನುವುದೆ? ನಿನ್ನ ಪಕ್ಕದಲ್ಲಿ ಕೂತು ನಿನ್ನ ಅಕ್ಕನ ಚಾಡಿ ಕೇಳದಿದ್ದರೆ ನನ್ನ ವಾರ ಕಳೆಯುವುದಿಲ್ಲ ಎನ್ನುವುದೆ? ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಅಂಥ ಮಾತಾಡಲು ನಾಲಿಗೆ ಹೊರಳಬೇಕಲ್ಲ. ಅವನಿಗೆ ಹೊಳೆದದ್ದು ಒಂದೇ ದಾರಿ, ಹುಟ್ಟಿನಿಂದ ಗೊತ್ತಿದ್ದ ದಾರಿ.

"ಆಗ್ಲಿ. ಆದ್ರೆ ಸುಮ್ನೆ ತಗೊಳ್ಳೋಕಾಗಲ್ಲ," ಎಂದ. "ಹೋಲಿಸಿ ನೋಡ್ಬೇಕು."

ಪೆನ್‌ರೋಸಿನಲ್ಲಿ, ಅವನ ಆಫೀಸಿಗೆ ಸ್ವಲ್ಪ ಆಚೆ, ಅಮೆರಿಕದಿಂದ ಇಂಥ ಗಾಡಿಗಳನ್ನು ತರಿಸಿ, ಎಡಗಡೆಯ ಸ್ಟೀರಿಂಗನ್ನು ಬಲಗಡೆಗೆ ಬದಲಾಯಿಸಿ ಮಾರುವ ಅಂಗಡಿಯೊಂದಿತ್ತು. ಅಂಗಳದಲ್ಲಿ ಮೂರು ಗಾಡಿ ನಿಂತಿದ್ದವು, ಒಂದೊಂದೂ ಒಂದೊಂದು ಕಂಪನಿಯದು, ಒಂದೊಂದೂ ಅವರ ಮನೆಯ ಅಡುಗೆಕೋಣೆಗಿಂತ ಉದ್ದ. ಕಂಪನಿಗಳ ಹೆಸರು ಹೇಳಿ ಯಾರ ಹೊಟ್ಟೆಯ ಮೇಲೂ ಹೊಡೆಯುವುದು ಬೇಡ. ಶ್ರೀಲಕ್ಷ್ಮಿ ಕರೆದಂತೆ ನಾವೂ ಕೆಂಪು, ಕಪ್ಪು, ಬಿಳಿ ಎನ್ನೋಣ. ಮಾರುವವನ ಹೆಸರು ವಿರೇಮು. ಮೂವತ್ತರ ಆಸುಪಾಸಿನ ಮಾವೊರಿ ಯುವಕ, ಎತ್ತರದ ಆಳು, ನಗುಮುಖ. ಪಾಪ, ಅವನಿಗೆ ತನ್ನ ಮುಂದೇನು ಕಾದಿದೆಯೆಂದು ಗೊತ್ತಿರಲಿಲ್ಲ. ಎಂಜಿನ್ನು, ಎಳೆಯುವ ಶಕ್ತಿ, ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂದು ಬಾಯಿಪಾಠ ಶುರು ಮಾಡಿದ. ರಘುನಾಥ ಕೈ ಅಡ್ಡ ಹಿಡಿದ.

"ಅದೆಲ್ಲ ಇಂಟರ್‌ನೆಟ್ಟಿನಲ್ಲಿ ಓದಿದ್ದೇನೆ," ಎಂದ ಇಂಗ್ಲಿಷಿನಲ್ಲಿ. "ನನಗೆ ಬೇಕಾದದ್ದು ಒಂದೇ. ಹುಳಿ ಚೆಲ್ಲುತ್ತದೋ ಇಲ್ಲವೋ?"

ಈ ಪರೀಕ್ಷೆಯನ್ನು ಅವನು ಒಂದು ವಾರ ತಲೆ ಕೆಡಿಸಿಕೊಂಡು ಕಂಡುಹಿಡಿದಿದ್ದ. ಒಂದೇ ತಪ್ಪಲೆ, ಕಂಠದವರೆಗೆ ಹುಳಿ, ಒಂದೇ ರಸ್ತೆ: ಗ್ರೇಟ್ ಸೌತ್ ರೋಡಿನ ಸಿಗ್ನಲುಗಳು, ಒಂದು ರೌಂಡ್‌ಅಬೌಟು, ಕೊನೆಗೆ ಉಬ್ಬುಗಳಿರುವ ಒಂದು ಓಣಿ. ಯಾವ ಗಾಡಿಯಲ್ಲಿ ಕಡಿಮೆ ಚೆಲ್ಲುತ್ತದೋ ಅದೇ ಗೆದ್ದಂತೆ.

"ನೀರು ತುಂಬಿಸಿದ್ರೆ ಆಗಲ್ವಾ?" ಎಂದಿದ್ದಳು ಶ್ರೀಲಕ್ಷ್ಮಿ.

"ನೀರು ತೆಳು ಕಣೇ, ಹುಳಿ ಮಂದ. ಎರಡೂ ಒಂದೇ ಥರ ತುಳುಕಲ್ಲ. ಆಫೀಸಲ್ಲೂ ನಾವು ನಿಜವಾದ ಮಾಲು ಹಾಕೇ ಟೆಸ್ಟ್ ಮಾಡೋದು."

ಹಾಗಾಗಿ ಶನಿವಾರ ಬೆಳಿಗ್ಗೆ ಆರ್ಡರ್ ಇಲ್ಲದಿದ್ದರೂ ಅವಳು ತಪ್ಪಲೆ ತುಂಬ ಕುಂಬಳಕಾಯಿ ಹುಳಿ ಕುದಿಸಿದಳು. ತಪ್ಪಲೆಯನ್ನು ಕೆಂಪು ಗಾಡಿಯ ತೊಟ್ಟಿಯಲ್ಲಿಟ್ಟು ಹಗ್ಗ ಬಿಗಿದರು. ವಿರೇಮು ಮುಂದೆ ಕೂತ, ಶ್ರೀಲಕ್ಷ್ಮಿ ಹಿಂದಿನ ಸೀಟಿನಲ್ಲಿ ತಿರುಗಿ ಕೂತು ಗಾಜಿನಿಂದ ತಪ್ಪಲೆ ನೋಡುವ ಕೆಲಸ ವಹಿಸಿಕೊಂಡಳು. ಸ್ಟೀರಿಂಗು ಯಾರ ಕೈಯಲ್ಲಿ ಎಂದು ಕೇಳಬೇಕೆ? ಯಾರೂ ಕೇಳುವ ಮೊದಲೇ ರಘುನಾಥ ಹತ್ತಿ ಕೂತಾಗಿತ್ತು.

ಸಿಗ್ನಲ್ಲಿನಲ್ಲಿ ಕೆಂಪು ಗಾಡಿಗೆ ಅವನು ಹಾಕಿದ ಬ್ರೇಕಿಗೆ ವಿರೇಮುವೇ ಮುಗ್ಗರಿಸಿದ. ಹುಳಿಯ ಗತಿ ಏನು! ಮರಳಿ ಬಂದು ನೋಡಿದರೆ ತೊಟ್ಟಿಯ ತುಂಬ ಹಳದಿ ಹೊಳೆ, ಅಲ್ಲಲ್ಲಿ ಕುಂಬಳದ ಹೋಳು. "ಫೇಲ್," ಎಂದ ರಘುನಾಥ, ಒಳಗೊಳಗೇ ಹಿಗ್ಗುತ್ತ. ಉಳಿದ ಹುಳಿಯನ್ನು ಮನೆಗೆ ಒಯ್ಯುವುದೇಕೆ ಎಂದು ಶ್ರೀಲಕ್ಷ್ಮಿ ಅಂಗಡಿಯ ಕಾಫಿ ಕಪ್ಪುಗಳಿಗೇ ಬಡಿಸಿ ಎಲ್ಲರಿಗೂ ಕೊಟ್ಟಳು. ವಿರೇಮು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಇನ್ನೊಂದು ಕಪ್ಪು ಕೇಳುವಾಗ ಅವಳನ್ನು "ಆಂಟಿ" ಎಂದ. ಅವರ ಕಡೆಯೂ ದೊಡ್ಡ ಹೆಂಗಸರನ್ನು ಹಾಗೇ ಕರೆಯುತ್ತಾರಂತೆ. ತೊಟ್ಟಿ ತೊಳೆಯಲು ಬಂದ ಮೆಕ್ಯಾನಿಕ್ಕು ತೊಳೆಯುವ ಮೊದಲು ತನಗೂ ಒಂದಿಷ್ಟು ಉಳಿದಿದೆಯೆ ಎಂದು ವಿಚಾರಿಸಿದ.

ಮುಂದಿನ ಶನಿವಾರ ಕಪ್ಪು ಗಾಡಿ. ಅದರಲ್ಲಿ ಹೆಚ್ಚೇನೂ ಚೆಲ್ಲಲಿಲ್ಲ. ರಘುನಾಥನಿಗೆ ಕಸಿವಿಸಿಯಾಯಿತು.

"ತುಂಬಾ ಎತ್ತರ. ಸೀರೆ ಉಟ್ಕೊಂಡು ನೀನು ಹತ್ತೋಕಾಗಲ್ಲ ಬಿಡು," ಎಂದ.

ಶ್ರೀಲಕ್ಷ್ಮಿ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದು ಸರಕ್ಕನೆ ಹತ್ತಿದಳು, ಇಳಿದಳು, ಮತ್ತೆ ಹತ್ತಿ ತೋರಿಸಿದಳು. ಅಂಗಡಿಯವರು ಚಪ್ಪಾಳೆ ತಟ್ಟಿದರು.

"ಆದ್ರೂ ಕಪ್ಪು ಬಣ್ಣ. ಬಿಸಿಲಲ್ಲಿ ಹುಳಿ ಹಳಸುತ್ತೆ," ಎಂದ ರಘುನಾಥ. ಆ ದಿನ ಆಕ್ಲೆಂಡಿನಲ್ಲಿ ಜಡಿಮಳೆ.

ಮೂರನೆಯ ವಾರ ಬಿಳಿಯದು. ಅದು ಗೆದ್ದೇ ಬಿಡುವ ಲಕ್ಷಣ ಕಂಡಿತು. ಆದರೆ ಆ ದಿನ ಕುಂಬಳಕಾಯಿ ಸಿಗದೆ ಶ್ರೀಲಕ್ಷ್ಮಿ ಬೀನ್ಸ್ ಹಾಕಿದ್ದಳು. ರಘುನಾಥ ಸೌಟಿನಿಂದ ಒಮ್ಮೆ ಕಲಕಿ ನೋಡಿ ತಲೆಯಾಡಿಸಿದ. ತರಕಾರಿ ಬದಲಾದರೆ ಹೋಲಿಕೆ ಹೋಲಿಕೆಯಲ್ಲ. ಮೂರನ್ನೂ ಮೊದಲಿನಿಂದ ನೋಡಬೇಕು. ಶ್ರೀಲಕ್ಷ್ಮಿ ಹಲ್ಲು ಕಚ್ಚಿ ತಪ್ಪಲೆಗೆ ಮುಚ್ಚಳ ಹಾಕಿದಳು. ಈ ಮನುಷ್ಯ ರೈಸ್ ಕುಕ್ಕರಿಗೆ ಮಾಡಿದ್ದನ್ನು ಕಂಡವಳು ಅವಳು.

ಬೇಸರವಾಗದೆ ಇದ್ದದ್ದು ಅಂಗಡಿಯವರಿಗೆ ಮಾತ್ರ. ಶನಿವಾರ ರಜೆಯಿದ್ದ ಮೆಕ್ಯಾನಿಕ್ಕುಗಳೂ ಏನೋ ನೆಪ ಹೇಳಿ ಕೆಲಸಕ್ಕೆ ಬರತೊಡಗಿದರು. ಯಾರೋ ಬಟ್ಟಲು ತಂದಿಟ್ಟರು, ಇನ್ಯಾರೋ ಬ್ರೆಡ್ಡು. ವಿರೇಮು ಶುಕ್ರವಾರವೇ ಫೋನು ಮಾಡಿ, ನಾಳೆ ಯಾವ ಗಾಡಿ ತೊಳೆದಿಡಲಿ, ನಿಧಾನವಾಗಿ ಯೋಚಿಸಿ, ಅವಸರವೇನೂ ಇಲ್ಲ ಎನ್ನುತ್ತಿದ್ದ. ಮಾರುವವನಿಗೂ ಕೊಳ್ಳುವವನಿಗೂ ಇಬ್ಬರಿಗೂ ವ್ಯಾಪಾರ ಮುಗಿಯುವುದು ಬೇಡವಾಗಿತ್ತು. ರಘುನಾಥನ ಶನಿವಾರಗಳು ಉಳಿದುಕೊಂಡವು. ಪೆನ್‌ರೋಸಿಗೆ ಹೋಗಿಬರುವ ದಾರಿ ಗಿಡ್ಡದಾದರೂ ವ್ಯಾಗನ್ನಿನಲ್ಲಿ ಶ್ರೀಲಕ್ಷ್ಮಿ ಪಕ್ಕದಲ್ಲಿ ಇರುತ್ತಿದ್ದಳು. ಆದರೆ ಅವಳ ಮಾತು ದಿನೇ ದಿನೇ ಕಡಿಮೆಯಾಗುತ್ತಿತ್ತು. ಅದನ್ನು ಅವನು ಗಮನಿಸಿದ. ಗಮನಿಸಿಯೂ, ಮುಂದಿನ ವಾರ ಟೈರಿನ ಸದ್ದನ್ನೂ ಹೋಲಿಸಬೇಕೆಂದು ಹೊಸದೊಂದು ಸೇರಿಸಿದ.

ಮಗಳು ಗಾನವಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಅಪ್ಪ ಇನ್ನೂ ಚೆನ್ನಾಗಿ ಅರ್ಥವಾಗುತ್ತಿದ್ದ.

"ಅಪ್ಪಾ, ಯು ಡೋಂಟ್ ವಾಂಟ್ ದ ಟ್ರಕ್," ಎಂದಳು ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ. "ಜಸ್ಟ್ ಟೆಲ್ ಹರ್."

"ಏನ್ ಹೇಳ್ಬೇಕು? ಹೋಲಿಸ್ತಾ ಇದೀನಿ ಅಷ್ಟೆ," ಎಂದು ಅವನು ಎದ್ದು ಕೈ ತೊಳೆಯಲು ಹೋದ. ತಟ್ಟೆಯಲ್ಲಿ ಅರ್ಧ ದೋಸೆ ಹಾಗೇ ಇತ್ತು.

ದಸರೆ ಹತ್ತಿರವಾಯಿತು. ಕೇಶವಮೂರ್ತಿಗಳು ಎರಡು ಸಲ ಫೋನು ಮಾಡಿದರು. ಮೂರನೆಯ ಸಲ ಮಾಡಿದಾಗ, ಬರುವ ಶನಿವಾರ ಮಧ್ಯಾಹ್ನದೊಳಗೆ ತಿಳಿಸದಿದ್ದರೆ ತಾವು ಬೇರೆಯವರಿಗೆ ಒಪ್ಪಿಸಿಬಿಡುವುದಾಗಿ ಬೇಜಾರಿನಿಂದಲೇ ಹೇಳಿದರು.

ಆ ಶನಿವಾರ ಪೆನ್‌ರೋಸಿನ ಅಂಗಳದಲ್ಲಿ ಬಿಳಿ ಗಾಡಿ ಮತ್ತೆ ಹೊರಟು ನಿಂತಿತ್ತು, ಈ ಸಲ ಕುಂಬಳಕಾಯಿ ಹುಳಿಯೊಂದಿಗೆ. ರಘುನಾಥ ಎಂದಿನಂತೆ ಸ್ಟೀರಿಂಗಿನ ಕಡೆಯ ಬಾಗಿಲಿಗೆ ಕೈ ಹಾಕಿದ. ವಿರೇಮು ಏನೋ ಹೊಳೆದವನಂತೆ ತಲೆ ಕೆರೆದುಕೊಂಡು ಕೇಳಿದ: "ಅಂದಹಾಗೆ, ಕೊಂಡ ಮೇಲೆ ಇದನ್ನು ಓಡಿಸುವವರು ಯಾರು?"

"ನಾನು," ಎಂದಳು ಶ್ರೀಲಕ್ಷ್ಮಿ.

"ಹಾಗಾದರೆ ಇಷ್ಟು ವಾರ ಇವರು ಏನು ಮಾಡುತ್ತಿದ್ದರು, ಆಂಟಿ?"

ಶ್ರೀಲಕ್ಷ್ಮಿ ಗಂಡನ ಕೈಯಿಂದ ಕೀಲಿ ತೆಗೆದುಕೊಂಡು, ನೆರಿಗೆ ಎತ್ತಿ ಹಿಡಿದು ಹತ್ತಿ ಕೂತಳು. ವಿರೇಮು ಹಿಂದೆ ಕೂತ. ರಘುನಾಥ ಅವಳ ಪಕ್ಕದ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಹಿಂದಿನ ಗಾಜಿನಾಚೆಯ ತಪ್ಪಲೆಯ ಮೇಲೆ ಕಣ್ಣು ನೆಟ್ಟ. ಚೆಲ್ಲಲಿ ಎಂದು ಅವನು ಬೇಡಿಕೊಂಡನೆಂದು ಹೇಳಿದರೆ ನೀವು ಅವನನ್ನು ಕೆಟ್ಟವನೆಂದುಕೊಳ್ಳುತ್ತೀರಿ. ಆದರೆ ಬೇಡಿಕೊಂಡದ್ದು ನಿಜ. ಒಂದೇ ಒಂದು ಸೌಟು ಚೆಲ್ಲಿದರೂ ಸಾಕಿತ್ತು.

ಚೆಲ್ಲಲಿಲ್ಲ. ಎಂಟು ವರ್ಷ ಪಕ್ಕದಲ್ಲಿ ಕೂತು, ಪಾದದಿಂದ ಪಾಯಸದ ಪಾತ್ರೆ ಒತ್ತಿ ಹಿಡಿದು ಊರೆಲ್ಲ ತಿರುಗಿದವಳಿಗೆ ಯಾವ ತಿರುವಿನಲ್ಲಿ ಏನು ತುಳುಕುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಸಿಗ್ನಲ್ಲಿನ ಮೊದಲೇ ನಿಧಾನಿಸಿದಳು. ರೌಂಡ್‌ಅಬೌಟನ್ನು ರಂಗೋಲಿ ಎಳೆದಂತೆ ಸುತ್ತಿದಳು. ಉಬ್ಬುಗಳ ಮೇಲೆ ಗಾಡಿ ಏರಿದ್ದೂ ಇಳಿದದ್ದೂ ಗೊತ್ತಾಗಲಿಲ್ಲ. ಅಂಗಳಕ್ಕೆ ಬಂದು ನಿಂತಾಗ ಹುಳಿಯ ಮೇಲಿನ ಕರಿಬೇವಿನ ಎಲೆ ಕೂಡ ಇದ್ದಲ್ಲೇ ಇತ್ತು. ಮೆಕ್ಯಾನಿಕ್ಕುಗಳು ಸಿಳ್ಳೆ ಹಾಕಿದರು. ಶ್ರೀಲಕ್ಷ್ಮಿ ಕೆಳಗಿಳಿದು, ಗೆದ್ದ ಮುಖ ಹೊತ್ತು ಗಂಡನನ್ನು ನೋಡಿದಳು.

"ಚೆನ್ನಾಗಿತ್ತು," ಎಂದ ರಘುನಾಥ. "ಆದ್ರೆ ಕಪ್ಪುದನ್ನೂ ಇನ್ನೊಂದು ಸಲ ನೋಡ್ಬಿಡೋಣ. ಮುಂದಿನ ವಾರ."

ಅವಳ ಮುಖ ಇಳಿದುಹೋಯಿತು.

"ನಿಮ್ಗೆ ನಾನು ಓಡಿಸೋದು ಇಷ್ಟ ಇಲ್ಲ," ಎಂದಳು. ದನಿ ಏರಿರಲಿಲ್ಲ; ಏರಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. "ನನ್ನ ಕೈಲಿ ಆಗಲ್ಲ ಅಂತ ನಿಮ್ಮ ಮನಸ್ಸಲ್ಲಿದೆ. ಬಾಯ್ಬಿಟ್ಟು ಹೇಳೋಕೆ ಧೈರ್ಯ ಇಲ್ಲ, ಅದಕ್ಕೆ ಕೆಂಪು, ಕಪ್ಪು, ಕುಂಬಳಕಾಯಿ, ಬೀನ್ಸು. ನಾನೂ ನೋಡ್ತಾನೇ ಇದೀನಿ. ಹೋಗ್ಲಿ ಬಿಡಿ. ಬೇಡ. ಈಗ್ಲೇ ಕೇಶವಮೂರ್ತಿ ಅಂಕಲ್‌ಗೆ ಆಗಲ್ಲ ಅಂತ ಹೇಳ್ಬಿಡ್ತೀನಿ."

ಅವಳು ಬ್ಯಾಗಿನಿಂದ ಫೋನು ತೆಗೆದಳು. ರಘುನಾಥ ಹೆಂಡತಿ ಅತ್ತದ್ದನ್ನು ಕಂಡಿದ್ದ, ಕಿರುಚಿದ್ದನ್ನು ಕಂಡಿದ್ದ. ಹೀಗೆ ತನಗೆ ತಾನೇ ಬಾಗಿಲು ಹಾಕಿಕೊಳ್ಳುವುದನ್ನು ಕಂಡಿರಲಿಲ್ಲ.

"ಶ್ರೀ, ತಡಿ. ನಿನ್ನ ಕೈಲಿ ಆಗಲ್ಲ ಅಂತ ಅಲ್ಲ."

"ಮತ್ತೆ?"

ಸುತ್ತ ಐದಾರು ಜನ ಬಟ್ಟಲು ಹಿಡಿದು ನಿಂತಿದ್ದರು. ಅವರಿಗೆ ಕನ್ನಡ ಬಾರದು ಎಂಬುದೊಂದೇ ಸಮಾಧಾನ.

"ನನಗೆ ಬೆನ್ನುನೋವೇ ಇಲ್ಲ ಕಣೇ."

"ಏನಂದ್ರಿ?"

"ಯಾವತ್ತೂ ಇರ್ಲಿಲ್ಲ. ಸುಮ್ನೆ ಹಂಗಂತಿದ್ದೆ." ಒಮ್ಮೆ ಕಟ್ಟೆ ಒಡೆದ ಮೇಲೆ ಮಾತು ನಿಲ್ಲಲಿಲ್ಲ. "ನೀನು ನನ್ನ ಜೊತೆ ಮಾತಾಡೋದೇ ಶನಿವಾರ, ಗಾಡೀಲಿ. ಮನೇಲಿ ನೀನು ಒಲೆ ಮುಂದೆ, ನಾನು ಕಂಪ್ಯೂಟರ್ ಮುಂದೆ. ಈ ಗಾಡಿ ಬಂದ್ರೆ ನೀನು ಗಾನವಿನ ಕರ್ಕೊಂಡು ಹೊರಟುಬಿಡ್ತೀಯ. ನಾನು ಮನೇಲಿ ಮಲಗಿ ಏನ್ ಮಾಡ್ಲಿ? ಅದಕ್ಕೇ ಎಳೆದಾಡ್ದೆ. ತಪ್ಪಾಯ್ತು."

ಅವಳ ಕಣ್ಣು ತುಂಬಿಕೊಳ್ಳುತ್ತದೆ, ಅವಳು ಬಂದು ಕೈ ಹಿಡಿಯುತ್ತಾಳೆ ಎಂದು ರಘುನಾಥ ಒಂದು ಗಳಿಗೆ ಆಸೆಪಟ್ಟ. ಆದದ್ದೇ ಬೇರೆ.

"ಎಂಟು ವರ್ಷ!" ಎಂದಳು ಶ್ರೀಲಕ್ಷ್ಮಿ. ಈಗ ದನಿ ಏರಿತು, ಚೆನ್ನಾಗಿಯೇ ಏರಿತು. "ಎಂಟು ವರ್ಷ ನಿಮ್ಮ ಬೆನ್ನಿಗೆ ಮುಲಾಮು ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದೋಗಿದೆ! ಊರಿಂದ ಎಣ್ಣೆ ತರ್ಸಿದೀನಿ! ಧನ್ವಂತರಿಗೆ ಹರಕೆ ಹೊತ್ತಿದೀನಿ!"

ವಿರೇಮು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. ಅವಳು ಅವನ ಕಡೆ ತಿರುಗಿ, ಬಿಳಿ ಗಾಡಿ ಕೊಳ್ಳುತ್ತೇವೆ, ಕಾಗದಪತ್ರ ತೆಗೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಫೋನಿನಲ್ಲಿ ಕೇಶವಮೂರ್ತಿಗಳಿಗೆ ಒಪ್ಪಿಗೆ ಕೊಟ್ಟಳು. ವ್ಯಾಗನ್ನಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು.

ಬಿಳಿ ಗಾಡಿ ಆಯುಧಪೂಜೆಯ ದಿನ ಮನೆಗೆ ಬಂತು. ಚಕ್ರಗಳ ಕೆಳಗಿಡುವ ನಾಲ್ಕು ನಿಂಬೆಹಣ್ಣಿಗೆ ರಘುನಾಥ ಎರಡೇ ಅಂಗಡಿ ಸುತ್ತಿದ. ಅವನ ಮಟ್ಟಿಗೆ ಅದು ದೊಡ್ಡ ಸುಧಾರಣೆ. ಶ್ರೀಲಕ್ಷ್ಮಿ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಿದಳು. ಗಂಡನಿಗೆ ಪ್ರಸಾದ ಕೊಟ್ಟಳು, ಹೊತ್ತುಹೊತ್ತಿಗೆ ಊಟ ಬಡಿಸಿದಳು, ಬೇಕಾದಷ್ಟು ಮಾತು ಮಾತ್ರ ಆಡಿದಳು. ಹ್ಯಾಮಿಲ್ಟನ್ನಿಗೆ ಯಾರು ಬರುತ್ತಾರೆ ಯಾರು ಬರುವುದಿಲ್ಲ ಎಂಬ ಮಾತು ಏಳಲೇ ಇಲ್ಲ. ಕೇಳಲು ಅವನಿಗೆ ಮುಖವಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು, ಮಿಕ್ಕದ್ದು ಅವಳಿಗೆ ಬಿಟ್ಟದ್ದು. ರಾತ್ರಿ ಮಲಗಿದಾಗ ಬೆನ್ನು ನಿಜವಾಗಿಯೂ ನೋಯುತ್ತಿದೆ ಎಂದು ಒಂದೆರಡು ಸಲ ಅನಿಸಿತು. ಹೇಳುವ ಧೈರ್ಯವಾಗಲಿಲ್ಲ.

ರಾಜ್ಯೋತ್ಸವದ ಶನಿವಾರ ನಸುಕಿನಲ್ಲೇ ಮನೆಯಲ್ಲಿ ಒಗ್ಗರಣೆಯ ಘಮ. ರಘುನಾಥ ಎದ್ದು, ಒಂದೂ ತಪ್ಪು ಹುಡುಕದೆ, ತಪ್ಪಲೆಗಳನ್ನು ಒಂದೊಂದಾಗಿ ಹೊತ್ತು ತೊಟ್ಟಿಗೆ ಸಾಗಿಸಿದ. ಒಲೆ, ಗ್ಯಾಸು, ಇಡ್ಲಿ ಪೆಟ್ಟಿಗೆ, ಬಾಳೆ ಎಲೆಯ ಕಟ್ಟು. ಹಗ್ಗ ಬಿಗಿದು ಎರಡೆರಡು ಸಲ ಎಳೆದು ನೋಡಿದ. ಶ್ರೀಲಕ್ಷ್ಮಿ ರೇಷ್ಮೆ ಸೀರೆಯುಟ್ಟು ಬಂದು ಹತ್ತಿ ಕೂತು ಎಂಜಿನ್ ಶುರು ಮಾಡಿದಳು. ಅವನು ಹಳೆಯ ಜಾಕೆಟ್ಟಿನ ಜೇಬಿಗೆ ಕೈ ಹಾಕಿಕೊಂಡು ಪಕ್ಕಕ್ಕೆ ಸರಿದು ನಿಂತ.

ಗಾಡಿ ಹೊರಡಲಿಲ್ಲ. ಗಾನವಿ ಬರಲೆಂದು ಕಾಯುತ್ತಿದ್ದಾಳೆ ಎಂದುಕೊಂಡು ಅವನು ಮನೆಯ ಕಡೆ ತಿರುಗಿ ಮಗಳನ್ನು ಕೂಗಿದ. ಗಾನವಿ ರಾತ್ರಿಯ ಬಟ್ಟೆಯಲ್ಲೇ ಬಾಗಿಲಿಗೆ ಬಂದು, ಆಕಳಿಸುತ್ತ ನಿಂತಳು.

"ಇನ್ನೂ ರೆಡಿ ಆಗಿಲ್ವಾ? ಅಮ್ಮಂಗೆ ಲೇಟಾಗುತ್ತೆ!"

"ಶಿ ಡಸಂಟ್ ವಾಂಟ್ ಮಿ," ಎಂದಳು ಗಾನವಿ. "ಅಮ್ಮ ನಿನ್ನೆ ರಾತ್ರೀನೇ ನಂಗೆ ಬರೋದು ಬೇಡ ಅಂದ್ಲು."

ಅಷ್ಟರಲ್ಲಿ ಬಿಳಿ ಗಾಡಿಯ ಹಾರನ್ನು ಹಿಲ್ಸ್‌ಬರೋದ ಅರ್ಧ ಬೀದಿ ಏಳುವಂತೆ ಬಡಿದುಕೊಂಡಿತು. ಕಿಟಕಿಯ ಗಾಜು ಇಳಿಯಿತು.

"ಹತ್ತುತ್ತೀರೋ, ಇಲ್ಲಾ ಪಕ್ಕದ ಸೀಟಿಗೂ ಇನ್ನೊಂದು ಗಾಡಿ ನೋಡ್ಕೊಂಡು ಬರ್ತೀರೋ?" ಎಂದಳು ಶ್ರೀಲಕ್ಷ್ಮಿ. "ಹ್ಯಾಮಿಲ್ಟನ್‌ವರೆಗೂ ಒಬ್ಬಳೇ ಮಾತಾಡ್ಕೊಂಡು ಹೋದ್ರೆ ನೋಡ್ದೋರು ಹುಚ್ಚು ಅಂತಾರೆ."

ರಘುನಾಥ ಓಡಿದ ವೇಗ ನೋಡಿದ್ದರೆ ಯಾವ ಡಾಕ್ಟರೂ ಅವನ ಬೆನ್ನಿನ ಬಗ್ಗೆ ಅನುಮಾನ ಪಡುತ್ತಿರಲಿಲ್ಲ.

ಮೋಟರ್‌ವೇ ಸೇರುವವರೆಗೆ ಅವನು ಕೈ ಕಟ್ಟಿ ಕೂತಿದ್ದ. ಮೊದಲ ತಿರುವಿಗೆ ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತಿತು. "ಇಂಡಿಕೇಟ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಅವಳು ಮಾತಾಡಲಿಲ್ಲ. ಮ್ಯಾನುಕಾವ್ ದಾಟಿತು, ಪಾಪಕೂರ ದಾಟಿತು. ಬಾಂಬೆ ಹಿಲ್ಸ್ ಎಂಬ ಗುಡ್ಡ ಏರಿ ಇಳಿಯುವಾಗ, ಮುಂದೆ ಹಸಿರು ಬಯಲು ಬಿಚ್ಚಿಕೊಂಡಾಗ, ಅವಳು ಗಂಟಲು ಸರಿಮಾಡಿಕೊಂಡಳು.

"ಮೊನ್ನೆ ಅಕ್ಕ ಫೋನ್ ಮಾಡಿದ್ಲು. ಅವಳ ನಾದಿನಿ ಚಂದ್ರಿಕಾ ಇದಾಳಲ್ಲ, ಏನ್ ಮಾಡಿದಾಳೆ ಗೊತ್ತಾ?"

ಚಂದ್ರಿಕಾ ಮಾಡಿದ್ದು ಬಹಳವೇ ಇತ್ತು. ಶ್ರೀಲಕ್ಷ್ಮಿ ಹೇಳುತ್ತ ಹೋದಳು, ರಘುನಾಥ ಹೂಂಗುಟ್ಟುತ್ತ ಹೋದ. ಅವನ ಕೈಗೆ ಸ್ಟೀರಿಂಗಿರಲಿಲ್ಲ, ಕಣ್ಣಿಗೆ ಕೆಲಸವಿರಲಿಲ್ಲ. ಬಿಡುವಾದ ಕಣ್ಣು ಬಲಕ್ಕೆ ಹೊರಳಿತು. ಚಂದ್ರಿಕಾಳ ಮಾತು ಬಂದಾಗ ಶ್ರೀಲಕ್ಷ್ಮಿಯ ಹುಬ್ಬು ಮೇಲೇರುತ್ತಿತ್ತು. ಅಕ್ಕನ ದನಿಯನ್ನು ಅನುಕರಿಸುವಾಗ ಮೂಗು ಸುಕ್ಕಾಗುತ್ತಿತ್ತು. ನಗು ಬರುವ ಮೊದಲು ಕೆನ್ನೆಯಲ್ಲಿ ಒಂದು ಗುಳಿ ಮೂಡಿ, ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ಕಿವಿಯ ಮೇಲಿನ ಕೂದಲು ಯಾವಾಗ ಬೆಳ್ಳಗಾಯಿತು? ಎಂಟು ವರ್ಷ ಶನಿವಾರ ಶನಿವಾರ ಇದೆಲ್ಲ ತನ್ನ ಪಕ್ಕದಲ್ಲೇ ನಡೆದಿತ್ತು, ತಾನು ಮುಂದಿನ ಲಾರಿಯ ನಂಬರ್ ಪ್ಲೇಟು ನೋಡುತ್ತಿದ್ದೆ ಎಂದು ನೆನೆದು ಅವನಿಗೆ ಮೊದಲು ಪೆಚ್ಚೆನಿಸಿತು, ಆಮೇಲೆ ಹೇಳಲಾರದಷ್ಟು ಸಂತೋಷವಾಯಿತು. ಚಂದ್ರಿಕಾ ಏನು ಮಾಡಿದಳೆಂಬುದರ ಕೊನೆಯ ಭಾಗ ಅವನ ಕಿವಿಗೆ ಬೀಳಲೇ ಇಲ್ಲ.

"ಏನ್ ನೋಡ್ತಿದೀರ?" ಎಂದಳು ಶ್ರೀಲಕ್ಷ್ಮಿ.

"ಏನಿಲ್ಲ," ಎಂದ ರಘುನಾಥ. "ರಸ್ತೆ."

"ರಸ್ತೆ ಮುಂದಿದೆ ರೀ," ಎಂದಳು ಅವಳು.